ಅನ್ನ ಬಿಟ್ಟು ಮುದ್ದೆ ಹಿಡಿದು ಮೂರು ತಿಂಗಳಾಯ್ತು, ಶುಗರೂ ಇಳಿದಿಲ್ಲ, ತೂಕವೂ ಇಳಿದಿಲ್ಲ

ಮೂರನೇ ಬೆಂಚು (ಪ್ರಶ್ನೆ)

ಅಮ್ಮನಿಗೆ 54 ವರ್ಷ, ಎತ್ತರ 155 ಸೆಂ.ಮೀ., ತೂಕ 72 ಕೆ.ಜಿ. ಆರು ವರ್ಷದಿಂದ ಟೈಪ್ 2 ಡಯಾಬಿಟಿಸ್. ಮೆಟ್‌ಫಾರ್ಮಿನ್ 1000 ಮಿ.ಗ್ರಾಂ. ಎರಡು ಹೊತ್ತು, ಗ್ಲಿಮೆಪಿರೈಡ್ 2 ಮಿ.ಗ್ರಾಂ. ಬೆಳಗ್ಗೆ. ಮೂರು ತಿಂಗಳಿಂದ ಅನ್ನ ಪೂರ್ತಿ ಬಂದ್. ಬೆಳಗ್ಗೆ ಎಂಟಕ್ಕೆ ಬೆಲ್ಲ ಹಾಕಿದ ರಾಗಿ ಮಾಲ್ಟ್, ಮಧ್ಯಾಹ್ನ ಎರಡಕ್ಕೆ ಒಂದು ಮುದ್ದೆ, ರಾತ್ರಿ ಒಂಬತ್ತೂವರೆಗೆ ಇನ್ನೊಂದು, ಜೊತೆಗೆ ಸಾರು. ಖಾಲಿ ಹೊಟ್ಟೆಯ ಶುಗರ್ ಈಗಲೂ 150–165. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.4 ಇದ್ದದ್ದು 8.3. ತೂಕ ಒಂದು ಕೆ.ಜಿ. ಜಾಸ್ತಿಯೇ ಆಗಿದೆ. ರಾಗಿ ಶುಗರಿಗೆ ಒಳ್ಳೆಯದಲ್ಲವಾ? ಎಲ್ಲಿ ತಪ್ಪುತ್ತಿದೆ?

ತಕ್ಕಡಿ

ಮುದ್ದೆ ಎಷ್ಟು ದೊಡ್ಡದು ಅಂತ ಬರೆದಿಲ್ಲ. ಮೊದಲು ಬೇಕಾದ ಲೆಕ್ಕ ಅದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು ಕಳೆದ ಮೇಲೂ ಸುಮಾರು 67 ಗ್ರಾಂ ಕಾರ್ಬ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆ) ಉಳಿಯುತ್ತದೆ. ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ಜನ ಅಂದುಕೊಂಡಷ್ಟಿಲ್ಲ. ಈಗ ತಟ್ಟೆಗೆ ಬನ್ನಿ. 100 ಗ್ರಾಂ ಹಿಟ್ಟು ಸುಮಾರು 250 ಮಿ.ಲೀ. ನೀರು ಕುಡಿದು 320 ಗ್ರಾಂ ಮುದ್ದೆ ಆಗುತ್ತದೆ. ದೊಡ್ಡ ದಾಳಿಂಬೆ ಗಾತ್ರದ, 350 ಗ್ರಾಂ ತೂಗುವ ಮುದ್ದೆಯಲ್ಲಿ 110 ಗ್ರಾಂ ಹಿಟ್ಟು ಇರುತ್ತದೆ. ಅಂದರೆ 73 ಗ್ರಾಂ ಕಾರ್ಬ್, 350 ಕ್ಯಾಲೊರಿ. 150 ಗ್ರಾಂ ತೂಗುವ ಒಂದು ಬಟ್ಟಲು ಅನ್ನದಲ್ಲಿ ಇರುವುದು ಸುಮಾರು 40 ಗ್ರಾಂ ಕಾರ್ಬ್. ಒಂದು ಬಟ್ಟಲು ಅನ್ನ ಬಿಟ್ಟು ಸುಮಾರು ಎರಡು ಬಟ್ಟಲಿನಷ್ಟು ತಿಂದಂತಾಯಿತು.

ಮುದ್ದೆ ನುಂಗುವ ಊಟ ಬೇರೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ತಲೆಗೆ ಮುಟ್ಟುವುದರೊಳಗೆ ತಟ್ಟೆ ಖಾಲಿ.

ಒಂದು ಹೊತ್ತಿಗೆ 55–60 ಗ್ರಾಂ ಹಿಟ್ಟಿನಿಂದ ಶುರು ಮಾಡಿ. ಬೆಂದ ಮೇಲೆ ಕಿತ್ತಳೆ ಹಣ್ಣಿನಷ್ಟು, 180 ಗ್ರಾಂ ಆಸುಪಾಸು. ಅಷ್ಟಕ್ಕೆ ಬೇರೆ ಪಾತ್ರೆ ಇಡಬೇಕಿಲ್ಲ. ಮನೆಮಂದಿಗೆಲ್ಲ ಹಾಕುವ ಹಿಟ್ಟನ್ನು ಒಮ್ಮೆ ತೂಗಿ, ಕೋಲಾಡಿಸಿ ಇಳಿಸಿದ ಮೇಲೆ ಒಟ್ಟು ತೂಕ ನೋಡಿ ಭಾಗ ಮಾಡಿ. ಎಸರಿಗೆ ಅಕ್ಕಿನುಚ್ಚು ಹಾಕುವ ಮನೆಯಾದರೆ ಅದನ್ನೂ ತೂಗಿ.

ಮಾಲ್ಟ್ ಪೂರ್ತಿ ನಿಲ್ಲಿಸಿ. ಮೊಳಕೆ ಬಂದಾಗಲೇ ರಾಗಿಯ ಪಿಷ್ಟ ಒಡೆದು ಸಕ್ಕರೆಯಾಗತೊಡಗುತ್ತದೆ, ಆ ಸಣ್ಣ ಸಿಹಿ ಅದರದ್ದೇ. ಮೇಲೆ ಬೆಲ್ಲ. ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ. ನವಣೆ, ಸಾಮೆಗೂ ಇದೇ ಮಾತು. ಸಿರಿಧಾನ್ಯ ಅಂದ ಕೂಡಲೇ ನಮ್ಮವರಿಗೆ ಅಳತೆ ಮರೆತುಹೋಗುತ್ತದೆ.

ಔಷಧಿ ಕಪಾಟು

ಹಿಟ್ಟು ಕಡಿಮೆ ಮಾಡುವ ಮೊದಲು ಒಂದು ಪ್ರಶ್ನೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಕೈನಡುಕ, ಬೆವರು, ತಡೆಯಲಾಗದ ಹಸಿವು ಏನಾದರೂ ಬರುತ್ತದಾ?

ಮೂರನೇ ಬೆಂಚು

ಹೌದು. ವಾರಕ್ಕೆ ಮೂರ್ನಾಲ್ಕು ದಿನ, ಹನ್ನೆರಡೂವರೆ ಹೊತ್ತಿಗೆ. ನಾಲ್ಕು ಬಿಸ್ಕತ್ತು, ಕಾಫಿ ತೆಗೆದುಕೊಂಡರೆ ಸರಿಯಾಗುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡಿದ್ದೆವು.

ಔಷಧಿ ಕಪಾಟು

ಗ್ಯಾಸ್ಟ್ರಿಕ್ ಅಂತ ಬಿಡಬೇಡಿ, ಶುಗರ್ ಇಳಿದು ಹೀಗಾಗುವ ಸಾಧ್ಯತೆಯೇ ಹೆಚ್ಚು. ಗ್ಲಿಮೆಪಿರೈಡ್ ಮೇದೋಜ್ಜೀರಕವನ್ನು ಹಿಂಡಿ ಇನ್ಸುಲಿನ್ ಸುರಿಸುತ್ತದೆ, ನೀವು ತಿಂದಿರಾ ಇಲ್ಲವಾ ಅಂತ ಕೇಳುವುದಿಲ್ಲ. ಎಂಟಕ್ಕೆ ಕುಡಿದ ಮಾಲ್ಟ್ ಬೇಗ ಏರಿ ಬೇಗ ಇಳಿಯುತ್ತದೆ, ಮಾತ್ರೆ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ, ಊಟ ಎರಡಕ್ಕೆ. ನಡುವೆ ಆರು ಗಂಟೆ. ತೂಕ ಏರುವುದಕ್ಕೆ ಈ ಮಾತ್ರೆಯ ಗುಣವೂ ಕಾರಣ, ನಡುಕಕ್ಕೆ ಹೆದರಿ ತಿನ್ನುವ ಬಿಸ್ಕತ್ತೂ ಕಾರಣ.

ಮುಂದಿನ ಸಲ ನಡುಕ ಬಂದ ತಕ್ಷಣ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ, ಮೂರು ಚಮಚ, ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿಲ್ಲದಿದ್ದರೆ ಇನ್ನೊಮ್ಮೆ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರದೆ ಮೊದಲು ಗ್ಲೂಕೋಸ್ ಕೊಡಿ. ಬಿಸ್ಕತ್ತಿನಲ್ಲಿ ಕೊಬ್ಬು ಇರುವುದರಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಸೀದಾ ಆಸ್ಪತ್ರೆ. ಬಿಪಿಗೆ ಅಟೆನೊಲಾಲ್ ತರಹದ ಮಾತ್ರೆ ಇದ್ದರೆ ನಡುಕ, ಎದೆಬಡಿತ ಗೊತ್ತಾಗದೆ ಹೋಗಬಹುದು, ಬೆವರು ಮಾತ್ರ ಬರುತ್ತದೆ.

ಆ ರೀಡಿಂಗ್‌ಗಳನ್ನು ಸಮಯದ ಸಮೇತ ಬರೆದು ಈ ವಾರವೇ ಡಾಕ್ಟರಿಗೆ ತೋರಿಸಿ. ಮಾತ್ರೆ ನೀವೇ ಅರ್ಧ ಮಾಡಬೇಡಿ. ಆದರೆ ಡೋಸ್ ಹಾಗೇ ಇಟ್ಟು ಮುದ್ದೆಯನ್ನು ಅರ್ಧಕ್ಕೆ ಇಳಿಸುವುದೂ ಬೇಡ, ನಡುಕ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಬದಲಾಗಬೇಕು. ತೂಕ ಏರಿಸದ ಮಾತ್ರೆಗಳಿವೆಯಾ ಅಂತ ಕೇಳಿ. ಸಿಟಾಗ್ಲಿಪ್ಟಿನ್ ತೂಕದ ತಂಟೆಗೆ ಹೋಗುವುದಿಲ್ಲ, ಡಪಾಗ್ಲಿಫ್ಲೊಜಿನ್ ಸ್ವಲ್ಪ ಇಳಿಸುತ್ತದೆ. ಎರಡನೆಯದನ್ನು ಕೊಟ್ಟರೆ ಏಕಾದಶಿ, ಶನಿವಾರ ಅಂತ ಉಪವಾಸ ಮಾಡುವ ರೂಢಿ ಇದೆಯಾ ಅನ್ನುವುದನ್ನೂ ಹೇಳಲೇಬೇಕು, ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರುವ ಅಪಾಯ ಇದೆ.

ಸ್ಟ್ರಿಪ್ ಡಬ್ಬಿ

ಬರೀ ಖಾಲಿ ಹೊಟ್ಟೆಯದ್ದನ್ನು ನೋಡಿ ಮುದ್ದೆಗೆ ಅಂಕ ಕೊಡಲಾಗದು. ಆ 160 ಬಹುಪಾಲು ರಾತ್ರಿಯಿಡೀ ಲಿವರ್ ಬಿಡುಗಡೆ ಮಾಡಿದ ಗ್ಲೂಕೋಸ್, ಜೊತೆಗೆ ಒಂಬತ್ತೂವರೆಯ ಊಟದ ಬಾಕಿ. ರಾತ್ರಿ ಊಟವನ್ನು ಏಳೂವರೆಗೆ ತಂದು ವಾರ ಬಿಟ್ಟು ನೋಡಿ.

ಮುದ್ದೆಯ ಲೆಕ್ಕ ಬೇಕಾದರೆ ಊಟಕ್ಕೆ ಮುಂಚೆ ಒಂದು ರೀಡಿಂಗ್, ಮೊದಲ ತುತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಂದು. ಕೈ ತೊಳೆದ ಹೊತ್ತಿನಿಂದ ಎಣಿಸಬೇಡಿ. ಊಟಕ್ಕೆ ಮುಂಚೆ 80–130, ಆಮೇಲೆ 180ರೊಳಗೆ ಅನ್ನುವುದು ಸಾಮಾನ್ಯ ಗುರಿ. ಬೆಲ್ಲ, ಬಾಳೆಹಣ್ಣು ಮುಟ್ಟಿದ ಬೆರಳಾದರೆ ಸುಳ್ಳು 40–50 ಸೇರಿಬಿಡುತ್ತದೆ, ಸೋಪು ಹಾಕಿ ತೊಳೆದು ಒರೆಸಿ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಕೆಡುತ್ತದೆ. ಸರಿಯಾದ ಮೀಟರೂ ಶೇ. 15ರವರೆಗೆ ಆಚೀಚೆ ತೋರಿಸುತ್ತದೆ, 152 ಮತ್ತು 160ರ ನಡುವೆ ಅರ್ಥ ಹುಡುಕಬೇಡಿ.

ಹಿಮೋಗ್ಲೋಬಿನ್ ಎಷ್ಟಿದೆ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು.

ಹುರುಳಿಕಾಳು

ಯಾರೂ ಸಾರಿನ ಮಾತೇ ಎತ್ತಲಿಲ್ಲ! ಮುದ್ದೆ ಅರ್ಧವಾದರೆ ಹಸಿವು ಕೂಗುತ್ತದೆ, ಆ ಜಾಗಕ್ಕೆ ಏನು ಬರುತ್ತದೆ ಅನ್ನುವುದರ ಮೇಲೆ ಇದು ನಿಲ್ಲುತ್ತದೋ ಇಲ್ಲವೋ ಗೊತ್ತಾಗುತ್ತದೆ. ತಿಳಿಸಾರಿನಲ್ಲಿ ಮುದ್ದೆ ಅದ್ದಿದರೆ ಪ್ರೋಟೀನ್ ಏನೂ ಸಿಗದು. ಬಸ್ಸಾರು ಮಾಡಿ, ಆದರೆ ಕಾಳು-ಸೊಪ್ಪಿನ ಪಲ್ಯ ಮುಖ್ಯ, ಕಟ್ಟು ಆಮೇಲೆ. ಒಬ್ಬರಿಗೆ ಒಣಗಿದ ಹುರುಳಿ ಅಥವಾ ಅಲಸಂದೆ 40 ಗ್ರಾಂ ಹಾಕಿದರೆ 8–9 ಗ್ರಾಂ ಪ್ರೋಟೀನ್. ಇದರಲ್ಲೂ 20 ಗ್ರಾಂ ಚಿಲ್ಲರೆ ಕಾರ್ಬ್ ಇದೆ, ಅದನ್ನು ಲೆಕ್ಕಕ್ಕೆ ಸೇರಿಸಿ. ಪಲ್ಯ ಮೊದಲು ತಿಂದು ಮುಗಿಸಿ, ಮುದ್ದೆ ಕೊನೆಗೆ. ಅದೇ ಊಟ, ಬರೀ ಸರದಿ ಬದಲಾದರೆ ಎರಡು ಗಂಟೆಯ ಅಂಕಿ ಇಳಿಯುತ್ತದೆ. ಊಟವಾದ ಮೇಲೆ 10–15 ನಿಮಿಷ ಓಡಾಟ. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದರೆ ಮಾತ್ರ ಕಾಳಿನ ಅಳತೆಯನ್ನು ಡಾಕ್ಟರೇ ಹೇಳಬೇಕು.

ಎಣ್ಣೆಯನ್ನು ಒಗ್ಗರಣೆಯಲ್ಲಿ ಅಳೆಯಲು ಹೋಗಬೇಡಿ, ತಿಂಗಳ ಪ್ಯಾಕೆಟ್ ಎಣಿಸಿ. ನಾಲ್ಕು ಜನಕ್ಕೆ 4 ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 33 ಮಿ.ಲೀ., ಸುಮಾರು 270 ಕ್ಯಾಲೊರಿ. ಎರಡೂವರೆ ಲೀಟರಿಗೆ ಇಳಿಸಿದರೆ ದಿನಕ್ಕೆ 100 ಕ್ಯಾಲೊರಿ ಉಳಿತಾಯ, ನಾಲಿಗೆಗೆ ಅಷ್ಟಾಗಿ ಗೊತ್ತೂ ಆಗುವುದಿಲ್ಲ. 72 ಕೆ.ಜಿ.ಗೆ ಮೊದಲ ಗುರಿ ಮೂರೂವರೆ ಕೆ.ಜಿ. ಇಳಿಕೆ ಸಾಕು.

ಮೂರನೇ ಬೆಂಚು

ಇವತ್ತು ಹಿಟ್ಟು ತೂಗಿದೆ. ಅಮ್ಮನ ಒಂದು ಮುದ್ದೆಗೆ 125 ಗ್ರಾಂ. ನುಚ್ಚು ಬೇರೆ ಒಂದು ಹಿಡಿ ಬೀಳುತ್ತಿತ್ತು, ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹನ್ನೆರಡೂವರೆಗೆ ಮೀಟರ್ ತೋರಿಸಿದ್ದು 64. ನಾಳೆ ಬೆಳಗ್ಗೆ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.

ಔಷಧಿ ಕಪಾಟು

ಮಾತ್ರೆಯ ಪಟ್ಟಿ ಒಯ್ಯುವುದಲ್ಲ, ಸ್ಟ್ರಿಪ್‌ಗಳನ್ನೇ ಒಯ್ಯಿರಿ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಒಂದೇ ಮಾತ್ರೆಯಲ್ಲಿ ಸೇರಿಸಿದ ಬ್ರಾಂಡುಗಳಿವೆ. ರಾತ್ರಿಯ ಮಾತ್ರೆಯಲ್ಲೂ ಗ್ಲಿಮೆಪಿರೈಡ್ ಇದೆಯಾ ಅಂತ ಈಗಲೇ ಹಿಂಬದಿ ಓದಿ ನೋಡಿ.