ಸೌತ್ ಫೋರ್ಕ್ ಮೀನುಗಾರಿಕೆ ಕ್ಲಬ್ಬು: ಆ ಕೆರೆಗೆ ತೂಬು ಏಕೆ ಇರಲಿಲ್ಲ?

ಅಲೆಘೆನಿ ತಪ್ಪಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿಟ್ಸ್‌ಬರ್ಗಿನಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದರೂ ಜಾನ್ಸ್‌ಟೌನ್ ಪ್ರವಾಹದ ಸ್ಮಾರಕವನ್ನು ನಾನು ನೋಡಿದ್ದು ಕಳೆದ ತಿಂಗಳು, ಊರಿನಿಂದ ಬಂದಿದ್ದ ಮಾವನವರನ್ನು ಕರೆದುಕೊಂಡು ಹೋದಾಗಲೇ. 1879ರಲ್ಲಿ ಸ್ಥಾಪನೆಯಾದ ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆ ಕ್ಲಬ್ಬು ಇದ್ದದ್ದು ಅಲ್ಲಿಯೇ. ಕಾರ್ನೆಗಿ, ಫ್ರಿಕ್, ಮೆಲನ್ ಮೊದಲಾದ ಪಿಟ್ಸ್‌ಬರ್ಗಿನ ಸಿರಿವಂತರು ಅದರ ಸದಸ್ಯರಾಗಿದ್ದರು. ಗುಡ್ಡಗಳ ನಡುವೆ ಸುಮಾರು ಎರಡು ಮೈಲಿ ಉದ್ದದ ಕೆರೆ, ಅದರ ದಡದಲ್ಲಿ 47 ಕೋಣೆಗಳ ಕ್ಲಬ್‌ಹೌಸು, ಪಕ್ಕದಲ್ಲಿ 16 ಕಾಟೇಜುಗಳು. 1889ರ ಮೇ 31ರಂದು ಆ ಕೆರೆಯ 72 ಅಡಿ ಎತ್ತರದ ಮಣ್ಣಿನ ಏರಿ ಒಡೆದು, 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಕೊಚ್ಚಿಹೋಯಿತು; ಸತ್ತವರು 2,209 ಮಂದಿ.

ಮಾವನವರು ಕೋಲಾರದ ಕಡೆಯವರು, ಕೆರೆಗಳ ನಡುವೆಯೇ ಬೆಳೆದವರು. ಏರಿಯ ಉಳಿದ ತುದಿಯ ಮೇಲೆ ನಿಂತು ಎಲ್ಲವನ್ನೂ ಮೌನವಾಗಿ ನೋಡಿದ ಅವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇದರ ತೂಬು ಎಲ್ಲಿತ್ತು?" ನಾನು ಮಾಹಿತಿ ಫಲಕಗಳನ್ನೆಲ್ಲ ಮತ್ತೊಮ್ಮೆ ಓದಿ, ಕ್ಲಬ್ಬಿನವರ ಕಾಲದಲ್ಲಿ ತೂಬೇ ಇರಲಿಲ್ಲವೆಂದು ಹೇಳಿದಾಗ ಅವರು ನಂಬಲಿಲ್ಲ. ಅಷ್ಟು ಹಣವಂತರ ಕೆರೆಗೆ ತೂಬು ಏಕಿರಲಿಲ್ಲ, ಅಲ್ಲಿನ ದಿನನಿತ್ಯದ ನಿರ್ವಹಣೆಯನ್ನು ಯಾರು ಮಾಡುತ್ತಿದ್ದರು, ಮೀನಿಗೆ ಅಡ್ಡ ಕಟ್ಟಿದ ಜಾಲರಿಯೇ ಅನಾಹುತಕ್ಕೆ ಕಾರಣವೆಂಬ ಮಾತು ಎಷ್ಟು ನಿಜ? ಬಲ್ಲವರು ದಯವಿಟ್ಟು ತಿಳಿಸಬೇಕು.

ಸಣ್ಣ ನೀರಾವರಿ

ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತು ವರ್ಷ ಕೆರೆ ಕಾಮಗಾರಿಗಳಲ್ಲೇ ಕಳೆದ ನಾನಾದರೂ ಅಲ್ಲಿ ಮೊದಲು ಕೇಳುತ್ತಿದ್ದುದು ಅದೇ ಪ್ರಶ್ನೆಯನ್ನು.

ಆ ಕೆರೆಯನ್ನು ಕಟ್ಟಿದ್ದು ಕ್ಲಬ್ಬಲ್ಲ. ಬೇಸಿಗೆಯಲ್ಲಿ ಜಾನ್ಸ್‌ಟೌನಿನ ದೋಣಿ ಕಾಲುವೆಗೆ ನೀರು ಸಾಲದೆ ಹೋಗುತ್ತಿದ್ದುದರಿಂದ ಪೆನ್ಸಿಲ್ವೇನಿಯಾ ಸರ್ಕಾರವೇ ಅದನ್ನು 1838ರಲ್ಲಿ ಆರಂಭಿಸಿತು. ಹಣದ ಅಡಚಣೆಯಿಂದ ಕೆಲಸ ನಿಂತು ನಿಂತು ಸಾಗಿ, 1850ರ ದಶಕದ ಆರಂಭದಲ್ಲಿ ಮುಗಿಯಿತು. ಅಷ್ಟರಲ್ಲಿ ರೈಲು ಬಂದು ಕಾಲುವೆಯೇ ಬೇಡವಾಯಿತು. ಮೂಲ ವಿನ್ಯಾಸದಲ್ಲಿ ಏರಿಯ ತಳದಲ್ಲಿ ಕಲ್ಲಿನ ಮೋರಿಯೂ ಅದರೊಳಗೆ ಐದು ಎರಕದ ಕಬ್ಬಿಣದ ಕೊಳವೆಗಳೂ ಇದ್ದವು. ಅಂದರೆ ತೂಬು ಇತ್ತು. 1862ರಲ್ಲಿ ಏರಿ ಆ ಮೋರಿಯ ಬಳಿಯೇ ಒಮ್ಮೆ ಒಡೆದಿತ್ತು. ಕೆರೆ ತುಂಬಿರಲಿಲ್ಲವಾದ್ದರಿಂದ ಹೆಚ್ಚು ಹಾನಿಯಾಗಲಿಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1875ರಲ್ಲಿ ಅದನ್ನು ಕೊಂಡ ಜಾನ್ ರೈಲಿ ಎಂಬಾತ ಕೊಳವೆಗಳನ್ನು ಕೀಳಿಸಿ ಗುಜರಿಗೆ ಮಾರಿ, 1879ರಲ್ಲಿ ಜಾಗವನ್ನು ಕ್ಲಬ್ಬಿನ ಸ್ಥಾಪಕ ಬೆಂಜಮಿನ್ ರಫ್‌ಗೆ 2,000 ಡಾಲರಿಗೆ ಕೊಟ್ಟುಬಿಟ್ಟ. ರಫ್ ಒಡಕನ್ನು ಮುಚ್ಚಿಸಿದ್ದು ಮಣ್ಣು ಕಲ್ಲುಗಳ ಜೊತೆಗೆ ಮರದ ಕೊಂಬೆ, ಒಣಹುಲ್ಲು, ಕುದುರೆ ಲದ್ದಿಯಂಥವನ್ನು ತುಂಬಿಸಿ. ಕೊಳವೆಗಳನ್ನು ಮತ್ತೆ ಕೂರಿಸಲೇ ಇಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಲ್ಲಿ ನೀರು ಬಿಡಲು ಗದ್ದೆಗಳಿರಲಿಲ್ಲ, ಆದ್ದರಿಂದ ತೂಬು ಅನಾವಶ್ಯಕವೆಂದು ಅವರಿಗೆ ಕಂಡಿರಬಹುದು. ಆದರೆ ತೂಬು ಗದ್ದೆಗಷ್ಟೇ ಅಲ್ಲ, ಏರಿಗೂ ಬೇಕು. ಮಣ್ಣಿನ ಏರಿ ಒಂದೆಡೆ ಒಸರಿದರೆ, ಕುಸಿದರೆ, ಕೆರೆಯ ನೀರನ್ನು ಇಳಿಸಿಕೊಂಡಲ್ಲದೆ ಅದನ್ನು ಸರಿಯಾಗಿ ದುರಸ್ತಿ ಮಾಡಲಾಗದು. ಕೊಳವೆಗಳನ್ನು ಕಿತ್ತ ಮೇಲೆ ಕ್ಲಬ್ಬಿನವರು ಬಯಸಿದ್ದರೂ ನೀರನ್ನು ಇಳಿಸುವ ದಾರಿ ಉಳಿದಿರಲಿಲ್ಲ. ಉಳಿದದ್ದು ಒಂದು ತುದಿಯಲ್ಲಿ ಬಂಡೆ ಕಡಿದು ಮಾಡಿದ್ದ ಕೋಡಿ ಮಾತ್ರ.

ಆ ಕೋಡಿಯ ಸಾಮರ್ಥ್ಯವನ್ನೂ ಅವರೇ ಕುಗ್ಗಿಸಿಕೊಂಡರು. ರೈಲು ನಿಲ್ದಾಣದಿಂದ ಬರುವ ಸಾರೋಟುಗಳು ಏರಿಯ ಮೇಲೆಯೇ ಹಾದುಹೋಗಬೇಕಿತ್ತು. ದಾರಿ ಅಗಲವಾಗಲೆಂದು ಏರಿಯ ನೆತ್ತಿಯನ್ನು ಎರಡು ಮೂರು ಅಡಿ ಕೆತ್ತಿ ತಗ್ಗಿಸಿದರು. ಕೇಳಲು ಸಣ್ಣ ವಿಷಯ. ಆದರೆ ಕೋಡಿಯ ಹರಿವು ಅದರ ಮೇಲಿನ ನೀರಿನ ಆಳದ ಒಂದೂವರೆ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಲೆಕ್ಕಕ್ಕಾಗಿ ಹೇಳುವುದಾದರೆ, ಹತ್ತು ಅಡಿ ಆಳದಲ್ಲಿ ಹರಿಯಬಲ್ಲ ಕೋಡಿಗೆ ಏಳೇ ಅಡಿ ಸಿಕ್ಕರೆ ನೂರಕ್ಕೆ 40ರಷ್ಟು ಸಾಮರ್ಥ್ಯ ಹೋದಂತೆ. ಸಾಲದ್ದಕ್ಕೆ ಹಳೆಯ ಒಡಕಿದ್ದ ನಡುಭಾಗದಲ್ಲಿ ಏರಿ ತುಸು ತಗ್ಗಿತ್ತು. ಏರಿ ನಡುವಿನಲ್ಲಿ ತುದಿಗಳಿಗಿಂತ ಎತ್ತರವಾಗಿರಬೇಕೇ ಹೊರತು ತಗ್ಗಿರಬಾರದೆಂಬುದು ನಮ್ಮಲ್ಲಿ ನೀರುಗಂಟಿಗೂ ಗೊತ್ತಿರುವ ವಿಷಯ.

ಗಾಳದವ

ನಾನು ಹವ್ಯಾಸಕ್ಕೆ ಮೀನು ಹಿಡಿಯುವವನು. ಒಂದು ಸಣ್ಣ ಕೆರೆಯ ಸಂಘದಲ್ಲಿ ಕೆಲವು ವರ್ಷ ನಿರ್ವಹಣೆಯ ಹೊಣೆಯನ್ನೂ ಹೊತ್ತಿದ್ದೆ. ಆದ್ದರಿಂದ ಜಾಲರಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಕ್ಲಬ್ಬಿನವರು ಈರಿ ಸರೋವರದಿಂದ ಕಪ್ಪು ಬಾಸ್ ಮೀನುಗಳನ್ನು ವಿಶೇಷ ರೈಲುಗಾಡಿಯಲ್ಲಿ ತರಿಸಿ ಕೆರೆಗೆ ಬಿಟ್ಟಿದ್ದರು. ಹೀಗೆ ಹಣ ಸುರಿದು ತಂದ ಮೀನು ಮಳೆಗಾಲದಲ್ಲಿ ಕೋಡಿಯ ಮೂಲಕ ಹೊರಟುಹೋಗದಂತೆ ಅಡ್ಡಗಟ್ಟುವುದು ಯಾವ ಕೆರೆಯವರಿಗೂ ಸಹಜವಾಗಿ ತೋಚುವ ಉಪಾಯ. ಮೀನು ಗುತ್ತಿಗೆ ಹಿಡಿದವರು ಕೋಡಿಗೆ ಬಲೆ ಕಟ್ಟುವುದನ್ನು ನಮ್ಮ ಕಡೆಯೂ ಕಾಣುತ್ತೇವೆ. ಅಲ್ಲಿ ಕೋಡಿಯ ಮೇಲಿನ ಸೇತುವೆಯ ಕಂಬಗಳ ನಡುವೆ ಕಬ್ಬಿಣದ ಜಾಲರಿ ಹಾಕಿದ್ದರು. ದಿನವೂ ಕಸ ತೆಗೆಯುವವರಿದ್ದರೆ ಜಾಲರಿಯಿಂದ ದೊಡ್ಡ ತೊಂದರೆಯಿಲ್ಲ. ತೊಂದರೆಯಾಗುವುದು ನೆರೆ ಬಂದ ರಾತ್ರಿ: ಕಾಡಿನಿಂದ ಕೊಂಬೆ, ದಿಮ್ಮಿ, ಎಲೆ ಎಲ್ಲವೂ ಒಟ್ಟಿಗೆ ಬಂದು ಅಪ್ಪಿಕೊಂಡರೆ ನೀರಿನ ಒತ್ತಡದಲ್ಲಿ ಅದನ್ನು ಕೀಳಲು ಹತ್ತು ಜನರಿಗೂ ಆಗುವುದಿಲ್ಲ. ಒಮ್ಮೆ ನಮ್ಮ ಸಂಘದ ತೀರಾ ಸಣ್ಣ ಜಾಲರಿಯನ್ನು ಬಿಡಿಸಲು ಹೋಗಿ ನಾನೇ ಕೈ ಮುರಿದುಕೊಳ್ಳುವುದರಲ್ಲಿದ್ದೆ. ಆದ್ದರಿಂದ ಜಾಲರಿಯೇ ಕಾರಣವೆಂಬುದು ಅತಿಯಾದ ಮಾತು. ಸಣ್ಣ ನೀರಾವರಿಯವರು ವಿವರಿಸಿದಂತೆ ಮೊದಲೇ ಬಡವಾಗಿದ್ದ ಕೋಡಿಯ ಕತ್ತನ್ನು ಅದು ಇನ್ನಷ್ಟು ಹಿಸುಕಿತೆಂದರೆ ಸರಿಯಾದೀತು.

ಅಲ್ಲಿನ ಬದುಕಿನ ಬಗ್ಗೆಯೂ ಕೇಳಿದ್ದೀರಿ. ಅದು ಬೇಸಿಗೆಯ ಕ್ಲಬ್ಬು. ಕುಟುಂಬಗಳು ರೈಲಿನಲ್ಲಿ ಸೌತ್ ಫೋರ್ಕಿಗೆ ಬಂದು, ಅಲ್ಲಿಂದ ಎರಡು ಮೈಲಿ ಸಾರೋಟಿನಲ್ಲಿ ಬರುತ್ತಿದ್ದವು. ಕಾಟೇಜುಗಳಲ್ಲಿ ಇಳಿದವರೂ ಊಟಕ್ಕೆ ಕ್ಲಬ್‌ಹೌಸಿನ ದೊಡ್ಡ ಊಟದ ಮನೆಗೇ ಹೋಗುತ್ತಿದ್ದರು. ಕೆರೆಯಲ್ಲಿ ಎರಡು ಉಗಿದೋಣಿಗಳೂ ಹಲವಾರು ಹುಟ್ಟುದೋಣಿಗಳೂ ಇದ್ದವು. ಹೆಸರಿಗೆ ಮೀನು ಮತ್ತು ಬೇಟೆಯ ಕ್ಲಬ್ಬಾದರೂ, ಉಳಿದಿರುವ ಛಾಯಾಚಿತ್ರಗಳಲ್ಲಿ ನನಗೆ ಹೆಚ್ಚಾಗಿ ಕಂಡದ್ದು ದೋಣಿ ವಿಹಾರ, ನಾಟಕದ ವೇಷ, ಜಗಲಿಯ ಮೇಲಿನ ಹರಟೆ. ಚಳಿಗಾಲದಲ್ಲಿ ಇವರಾರೂ ಇರುತ್ತಿರಲಿಲ್ಲ.

ನಿರ್ವಹಣೆಗೆ ಹಣ ಇರಲಿಲ್ಲವೇ ಎಂದರೆ, ಧಾರಾಳವಾಗಿತ್ತು. 1889ರ ವಸಂತದಲ್ಲಿ ಅಲ್ಲಿ ನಡೆಯುತ್ತಿದ್ದದ್ದು ಹೊಸ ಒಳಚರಂಡಿಯ ಕೆಲಸ. ಅದರ ಮೇಲ್ವಿಚಾರಣೆಗೆ ಜಾನ್ ಪಾರ್ಕ್ ಎಂಬ ಯುವ ಇಂಜಿನಿಯರನನ್ನೂ, ಅಗೆಯಲು ಇಟಲಿಯ ಕೂಲಿಗಳನ್ನೂ ಕರೆಸಿದ್ದರು. ಸದಸ್ಯರು ಕಣ್ಣಾರೆ ಕಾಣುವ, ಬಳಸುವ ವಸ್ತುಗಳ ಯೋಗಕ್ಷೇಮ ಚೆನ್ನಾಗಿಯೇ ನಡೆಯುತ್ತಿತ್ತು. ಮೇ 31ರ ಬೆಳಿಗ್ಗೆ ಕ್ಲಬ್ಬಿನ ಅಧ್ಯಕ್ಷ ಇಲಾಯಸ್ ಉಂಗರ್ ಅದೇ ಚರಂಡಿ ಕೂಲಿಗಳನ್ನು ಏರಿಗೆ ಕಳುಹಿಸಿದ. ಅವರು ನೆತ್ತಿಗೆ ಮಣ್ಣು ಏರಿಸಿ ನೋಡಿದರು, ಇನ್ನೊಂದು ತುದಿಯಲ್ಲಿ ಎರಡನೆಯ ಕೋಡಿ ತೋಡಲು ಹೋಗಿ ಗಟ್ಟಿ ನೆಲಕ್ಕೆ ಸೋತರು. ಪಾರ್ಕ್ ಕುದುರೆಯೇರಿ ಸೌತ್ ಫೋರ್ಕಿಗೆ ಓಡಿ, ತಂತಿ ಕಳುಹಿಸಿರೆಂದು ಎಚ್ಚರಿಸಿ ಬಂದ. ಮಧ್ಯಾಹ್ನ ಮೂರರ ಸುಮಾರಿಗೆ ಏರಿ ಹೋಯಿತು.

ಅಲೆಘೆನಿ ತಪ್ಪಲು

ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ: ಕೆಳಗಿನ ಊರಿನವರಲ್ಲಿ ಯಾರೂ ಇದನ್ನು ಮುಂಚೆಯೇ ಗಮನಿಸಲಿಲ್ಲವೇ? ಅನಂತರ ಕ್ಲಬ್ಬಿನವರ ಮೇಲೆ ಮೊಕದ್ದಮೆ ನಡೆಯಲಿಲ್ಲವೇ?

ಕರಿಕೋಟು

ಎರಡಕ್ಕೂ ದಾಖಲೆಯಿದೆ. ಜಾನ್ಸ್‌ಟೌನಿನ ಕೇಂಬ್ರಿಯಾ ಉಕ್ಕಿನ ಕಾರ್ಖಾನೆಯ ಮುಖ್ಯಸ್ಥ ಡೇನಿಯಲ್ ಮೊರೆಲ್ 1880ರಲ್ಲಿಯೇ ಜಾನ್ ಫುಲ್ಟನ್ ಎಂಬ ತಜ್ಞನನ್ನು ಕಳುಹಿಸಿ ಏರಿಯನ್ನು ಪರೀಕ್ಷಿಸಿದ್ದ. ಫುಲ್ಟನ್ ಬರೆದ ದೋಷಗಳು ಎರಡು: ದುರಸ್ತಿಗಾಗಿ ನೀರು ಇಳಿಸಲು ಕೊಳವೆಯಿಲ್ಲ, ಮತ್ತು ದುರಸ್ತಿ ಗಟ್ಟಿಯಾಗಿಲ್ಲದೆ ನೀರು ಸೋರುತ್ತಿದೆ. ನಿಮ್ಮ ಮಾವನವರ ಪ್ರಶ್ನೆಯನ್ನು ಆತ ಒಂಬತ್ತು ವರ್ಷ ಮೊದಲೇ ಕೇಳಿದ್ದನೆನ್ನಬಹುದು. ಖರ್ಚಿನಲ್ಲಿ ಪಾಲು ಕೊಡುತ್ತೇನೆಂದು ಮೊರೆಲ್ ಮುಂದೆ ಬಂದರೂ ರಫ್ ಒಪ್ಪದೆ, ತಮ್ಮಿಂದ ನಿಮಗೇನೂ ಅಪಾಯವಿಲ್ಲವೆಂದು ಉತ್ತರ ಬರೆದ. ಕೊನೆಗೆ ಮೊರೆಲ್ ತಾನೇ ಕ್ಲಬ್ಬಿನ ಸದಸ್ಯತ್ವ ಪಡೆದ. ಒಳಗಿದ್ದು ಗಮನಿಸುವ ಉದ್ದೇಶವಿತ್ತೇನೋ. ಆತ 1885ರಲ್ಲಿಯೂ ರಫ್ 1887ರಲ್ಲಿಯೂ ತೀರಿಕೊಂಡರು. ಪತ್ರ ಬರೆದವನೂ ಇಲ್ಲ, ಉತ್ತರ ಕೊಟ್ಟವನೂ ಇಲ್ಲ, ಹೀಗಾಗಿ ವಿಷಯ ಅಲ್ಲಿಗೇ ನಿಂತಿತು.

ಮೊಕದ್ದಮೆಗಳು ನಡೆದವು, ಆದರೆ ಯಾರಿಗೂ ಕ್ಲಬ್ಬಿನಿಂದ ಪರಿಹಾರ ಸಿಗಲಿಲ್ಲ. ನ್ಯಾಯಾಲಯಗಳು ಅದನ್ನು ದೈವಿಕ ವಿಪತ್ತೆಂದವು. ಕಾನೂನು ಓದಿದವರಿಗೆ ಇದರಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅಪಾಯಕಾರಿ ವಸ್ತುವನ್ನು ತನ್ನ ಜಾಗದಲ್ಲಿ ಕೂಡಿಟ್ಟವನು, ಅದು ತಪ್ಪಿಸಿಕೊಂಡು ನೆರೆಯವರಿಗೆ ಹಾನಿ ಮಾಡಿದರೆ, ತನ್ನ ಅಲಕ್ಷ್ಯ ಸಾಬೀತಾಗದಿದ್ದರೂ ಹೊಣೆಯಾಗುತ್ತಾನೆಂಬ ರೈಲಾಂಡ್ಸ್–ಫ್ಲೆಚರ್ ತೀರ್ಪು ಇಂಗ್ಲೆಂಡಿನಲ್ಲಿ 1868ರಲ್ಲಿಯೇ ಬಂದಿತ್ತು, ಅದೂ ಜಲಾಶಯವೊಂದರ ಪ್ರಕರಣದಲ್ಲಿ! ಪೆನ್ಸಿಲ್ವೇನಿಯಾದ ನ್ಯಾಯಾಲಯ ಮಾತ್ರ 1886ರಲ್ಲಿ ಕಲ್ಲಿದ್ದಲು ಗಣಿಯೊಂದರ ಮೊಕದ್ದಮೆಯಲ್ಲಿ ಆ ತತ್ತ್ವವನ್ನು ತಳ್ಳಿಹಾಕಿತ್ತು. ಕ್ಲಬ್ಬಿನ ಪರ ನಿಂತ ವಕೀಲರ ಸಂಸ್ಥೆ ನಾಕ್ಸ್ ಮತ್ತು ರೀಡ್. ಆ ಇಬ್ಬರೂ ಕ್ಲಬ್ಬಿನ ಸದಸ್ಯರೇ.

ಗಾಳದವ

ಮತ್ತೊಮ್ಮೆ ಹೋಗುವುದಾದರೆ ಸ್ಮಾರಕದಿಂದ ಸ್ವಲ್ಪ ಮುಂದಿರುವ ಸೇಂಟ್ ಮೈಕಲ್ ಊರಿಗೂ ಹೋಗಿ ಬನ್ನಿ. ಹಳೆಯ ಕ್ಲಬ್‌ಹೌಸು ಮತ್ತು ಕೆಲವು ಕಾಟೇಜುಗಳು ಅಲ್ಲಿ ಇಂದಿಗೂ ನಿಂತಿವೆ, ಕೆರೆಯಿದ್ದ ಕಡೆಗೆ ಮುಖ ಮಾಡಿಕೊಂಡೇ. ಆ ಬಯಲಿನಲ್ಲಿ ಆಮೇಲೆ ಕಲ್ಲಿದ್ದಲು ಗಣಿಯ ಊರು ಬೆಳೆಯಿತು, ಏರಿ ಒಡೆದ ಬಾಯಿಯಲ್ಲೇ ರೈಲು ಹಳಿ ಹಾದುಹೋಗಿದೆ. ಕೋಡಿ ಕಡಿದ ಜಾಗ ಮಾತ್ರ ಈಗಲೂ ಸ್ಪಷ್ಟವಾಗಿದೆ. ಮಾವನವರಿಗೆ ಅದನ್ನು ತೋರಿಸಿ.