ಪ್ರಶ್ನೋತ್ತರ: ತಲೆ, ಹೆಗಲು ಮಾತ್ರ ಆಡುವಾಗ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು ಹೇಗೆ?

ಪ್ರಶ್ನೆ (ಪುತ್ತೂರು ಕಡೆಯ ಸದಸ್ಯೆ): ನಮಸ್ಕಾರ. ನನ್ನ ತಮ್ಮನಿಗೆ 24 ವರ್ಷ. ಅಡಿಕೆ ಮರದಿಂದ ಬಿದ್ದು ಕತ್ತಿನ ಬಳಿ ಬೆನ್ನುಹುರಿಗೆ ಪೆಟ್ಟಾಗಿದೆ, ರಿಪೋರ್ಟಿನಲ್ಲಿ ಸಿ4 (ಕತ್ತಿನ ನಾಲ್ಕನೇ ಮಟ್ಟ) ಎಂದಿದೆ. ತಲೆ ಚೆನ್ನಾಗಿ ತಿರುಗುತ್ತದೆ, ಹೆಗಲು ಎತ್ತುತ್ತಾನೆ, ಕೈಬೆರಳು ಏನೂ ಆಡುವುದಿಲ್ಲ. ಮೊದಲು ಯಕ್ಷಗಾನದ ಬಣ್ಣದ ವೇಷಗಳನ್ನು ಬಿಡಿಸುತ್ತಿದ್ದ. ಮನೆಯಲ್ಲಿ ವೆಬ್‌ಕ್ಯಾಮ್ ಇರುವ ವಿಂಡೋಸ್ 11 ಲ್ಯಾಪ್‌ಟಾಪ್ ಇದೆ. ಕಣ್ಣಿನಿಂದ ನಡೆಸುವ ಯಂತ್ರ ತೆಗೆದುಕೊಳ್ಳಿ ಎನ್ನುತ್ತಾರೆ. ಅದೇ ಬೇಕೇ?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಮಾಡಲು ದಾರಿ ಕಲಿಸುವ ಚಿಕಿತ್ಸಕರು): ಈಗಲೇ ಅದಕ್ಕೆ ದುಡ್ಡು ಹಾಕಬೇಡಿ. ಎದುರಿಗೆ ಏನಾದರೂ ಚಲಿಸುತ್ತಿದ್ದರಷ್ಟೇ ನಮ್ಮ ನೋಟ ಅದರ ಹಿಂದೆ ನಯವಾಗಿ ಜಾರುತ್ತದೆ. ಇಲ್ಲದಿದ್ದರೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಹಾಗಾಗಿ ಕಣ್ಣಿನಿಂದ ಮೆನು ತೆರೆಯಬಹುದು, ಚುಕ್ಕೆ ಇಡಬಹುದು, ಬಾಗಿದ ಗೆರೆ ಮಾತ್ರ ಮುರಿಮುರಿಯಾಗಿ ಬರುತ್ತದೆ. ತಲೆ ಚೆನ್ನಾಗಿ ತಿರುಗುವವರಿಗೆ ತಲೆಯೇ ಒಳ್ಳೆಯದು.

ಚಿತ್ರ ಬಿಡಿಸುವಾಗ ಮೂರು ಕೆಲಸ ಇರುತ್ತವೆ: ಕರ್ಸರ್ ಓಡಿಸುವುದು, ಕ್ಲಿಕ್ ಒತ್ತುವುದು, ಅನ್‌ಡೂ, ಬ್ರಷ್ ಗಾತ್ರದಂಥ ಆಜ್ಞೆ ಕೊಡುವುದು. ಮೂರನ್ನೂ ತಲೆಯ ಮೇಲೇ ಹೇರಿದರೆ ಕತ್ತು ಬೇಗ ಸೋಲುತ್ತದೆ. ನಿಮ್ಮ ತಮ್ಮನಿಗೆ ಕರ್ಸರ್ ತಲೆಗೆ, ಕ್ಲಿಕ್ ಹೆಗಲಿಗೆ, ಆಜ್ಞೆ ಬಾಯಿಗೆ ಹಂಚಿ.

ಕರ್ಸರಿಗೆ ಇವಯಾಕ್ಯಾಮ್ (eViacam) ಎಂಬ ಉಚಿತ ತಂತ್ರಾಂಶ ಹಾಕಿ, ಅದು ವೆಬ್‌ಕ್ಯಾಮಿನಿಂದಲೇ ತಲೆಯ ಚಲನೆ ಹಿಡಿಯುತ್ತದೆ. ಕ್ಯಾಮೆರಾ ಮುಖದ ಎತ್ತರಕ್ಕೆ ಬರುವಂತೆ ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸಿ. ಬೆನ್ನ ಹಿಂದೆ ಕಿಟಕಿ ಬೇಡ. ಮುಖ ಕಪ್ಪಾಗಿ ಕಂಡರೆ ಕರ್ಸರ್ ತಾನಾಗಿ ಒಂದು ಕಡೆಗೆ ಜರುಗುತ್ತಾ ಹೋಗುತ್ತದೆ. ಆಜ್ಞೆಗೆ ವಿಂಡೋಸ್ 11ರಲ್ಲೇ ಇರುವ ವಾಯ್ಸ್ ಆಕ್ಸೆಸ್ ಸಾಕು. ಅದಕ್ಕೆ ಕನ್ನಡ ತಿಳಿಯದು, ಇಂಗ್ಲಿಷಿನಲ್ಲಿ ಹೇಳಬೇಕು, ಆದರೆ 'ಪ್ರೆಸ್ ಕಂಟ್ರೋಲ್ ಝಡ್' (ಅನ್‌ಡೂ) ಥರದ ಎಂಟು ಹತ್ತು ಆಜ್ಞೆ ಬಂದರೆ ಕೆಲಸ ನಡೆಯುತ್ತದೆ.

ಉತ್ತರ (ಡಿಜಿಟಲ್ ಚಿತ್ರಕಲೆ ಕಲಿಸುವವರು): ಚಿತ್ರಕ್ಕೆ ಕ್ರಿಟಾ ಹಾಕಿಕೊಳ್ಳಿ, ಅದೂ ಉಚಿತ. ಬಣ್ಣದ ವೇಷದ ಮುಖವರ್ಣಿಕೆ ಎಡಬಲ ಒಂದೇ ಥರ ಇರುವುದು ಇಲ್ಲಿ ದೊಡ್ಡ ಅನುಕೂಲ. ಮೇಲಿನ ಪಟ್ಟಿಯಲ್ಲಿ ಹಾರಿಜಾಂಟಲ್ ಮಿರರ್ ಒತ್ತಿ, ನಡುಗೆರೆಯನ್ನು ಮೂಗಿನ ನೇರಕ್ಕೆ ಎಳೆದಿಟ್ಟರೆ ಅರ್ಧ ಮುಖ ಬಿಡಿಸಿದಷ್ಟಕ್ಕೆ ಪೂರ್ತಿ ಮುಖ ಬರುತ್ತದೆ, ಕಿರೀಟವೂ ಹಾಗೆಯೇ. ಮುಖದ ಮೇಲೆ ಸಾಲಾಗಿ ಇಡುವ ಬಿಳಿ ಚುಕ್ಕೆಗಳಿಂದ, ಅಂದರೆ ಚಿಟ್ಟಿಯಿಂದಲೇ ಶುರು ಮಾಡಲಿ. ಅದಕ್ಕೆ ಗೆರೆ ಎಳೆಯಬೇಕಾಗಿಲ್ಲ, ಒಂದು ಕ್ಲಿಕ್ಕಿಗೆ ಒಂದು ಬಿಳಿ ಚುಕ್ಕೆ. ಹುಬ್ಬಿನ ಮೇಲೆ ಇಪ್ಪತ್ತು ಚುಕ್ಕೆ ಸಾಲಾಗಿ ಇಡುವಷ್ಟರಲ್ಲಿ ತಲೆಯ ಹದ ಸಿಗುತ್ತದೆ.

ಗೆರೆಗೆ ಬಂದಾಗ ಟೂಲ್ ಆಪ್ಷನ್ಸ್‌ನಲ್ಲಿ ಬ್ರಷ್ ಸ್ಮೂದಿಂಗ್ ಅನ್ನು ಸ್ಟೆಬಿಲೈಜರ್ ಮಾಡಿ, ಡಿಸ್ಟೆನ್ಸ್ 80 ಇಟ್ಟು ನೋಡಿ. ನಡುಕ ಕಂಡರೆ ಏರಿಸಿ, ಗೆರೆ ತೀರಾ ಹಿಂದುಳಿದರೆ ಇಳಿಸಿ. ಕಣ್ಣಿನ ಮೂಲೆಯಂಥ ಚೂಪು ತಿರುವು ದುಂಡಗಾಗುತ್ತಿದ್ದರೆ ಡಿಲೇ ಆನ್ ಮಾಡಿ. ತಲೆಯಿಂದ ನಡೆಸುವಾಗ ಪೆನ್ನಿನ ಒತ್ತಡ ಎಂಬುದೇ ಇಲ್ಲ, ಗೆರೆಯೆಲ್ಲ ಒಂದೇ ದಪ್ಪ ಬರುತ್ತದೆ. ಬ್ರಷ್ ಎಡಿಟರ್‌ನಲ್ಲಿ ಸೈಜ್‌ಗೆ ಹೋಗಿ ಪ್ರೆಷರ್ ಟಿಕ್ ತೆಗೆದು ಸ್ಪೀಡ್‌ಗೆ ಹಾಕಿದರೆ ವೇಗಕ್ಕೆ ತಕ್ಕಂತೆ ದಪ್ಪ ಬದಲಾಗುತ್ತದೆ.

ಇನ್ನೊಂದು ಮಾತು. ತಲೆಯನ್ನು ಮೇಲೆ ಕೆಳಗೆ ಆಡಿಸುವುದಕ್ಕಿಂತ ಅಕ್ಕಪಕ್ಕ ತಿರುಗಿಸುವುದು ಅನೇಕರಿಗೆ ಸುಲಭ. ಕ್ರಿಟಾದಲ್ಲಿ 4 ಮತ್ತು 6 ಕ್ಯಾನ್ವಾಸನ್ನು ತಿರುಗಿಸುತ್ತವೆ, 5 ನೆಟ್ಟಗೆ ನಿಲ್ಲಿಸುತ್ತದೆ. ಉದ್ದ ಗೆರೆ ಯಾವಾಗಲೂ ಅಡ್ಡಕ್ಕೆ ಬರುವಂತೆ ಕ್ಯಾನ್ವಾಸನ್ನೇ ತಿರುಗಿಸಿಕೊಳ್ಳಲಿ.

ಪ್ರಶ್ನೆ (ಅದೇ ಸದಸ್ಯೆ): ಎಲ್ಲ ಹಾಕಿದೆವು, ಚಿಟ್ಟಿ ಚೆನ್ನಾಗಿ ಬಂತು. ಸದ್ಯ ಕರ್ಸರ್ ನಿಂತರೆ ತಾನಾಗಿ ಕ್ಲಿಕ್ ಆಗುವಂತೆ ಇಟ್ಟಿದ್ದೇವೆ. ಗೆರೆಯ ನಡುವೆ ಅವನು ಸ್ವಲ್ಪ ತಡೆದರೂ ತುಂಡಾಗುತ್ತದೆ. ಸುಮ್ಮನೆ ನೋಡುತ್ತಾ ಕೂತರೆ ಚಿತ್ರದ ಮೇಲೆ ಚುಕ್ಕೆ ಬೀಳುತ್ತದೆ.

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್): ಎರಡಕ್ಕೂ ಕಾರಣ ಆ ತಾನಾಗಿ ಆಗುವ ಕ್ಲಿಕ್ಕೇ. ನೋಡುವಾಗ ಇವಯಾಕ್ಯಾಮಿನ ಕ್ಲಿಕ್ ಪಟ್ಟಿಯಲ್ಲಿ 'ನೋ ಕ್ಲಿಕ್' ಆರಿಸಲಿ. ಗೆರೆಗೆ ಹೆಗಲಿನ ಸ್ವಿಚ್ಚೇ ಬೇಕು, ಅದನ್ನು ಮೊಬೈಲ್ ರಿಪೇರಿಯವರು ಮಾಡಿಕೊಡುತ್ತಾರೆ. ಹಳೆಯ ವೈರ್ ಮೌಸ್ ಬಿಚ್ಚಿ, ಎಡ ಗುಂಡಿಯ ಕೆಳಗಿನ ಮೈಕ್ರೋಸ್ವಿಚ್ ಹುಡುಕಿ. ಅದಕ್ಕೆ ಸಾಮಾನ್ಯವಾಗಿ ಮೂರು ಕಾಲು. ಮಲ್ಟಿಮೀಟರ್ ಇಟ್ಟಾಗ ಗುಂಡಿ ಒತ್ತಿದರೆ ಮಾತ್ರ ಬೀಪ್ ಬರುವ ಎರಡು ಕಾಲುಗಳಿಗೆ ತಂತಿ ಬೆಸೆದು 3.5 ಮಿಮೀ ಮೋನೋ ಸಾಕೆಟ್ಟಿಗೆ ಕೊಡಿ. ಒತ್ತದೆಯೂ ಬೀಪ್ ಬರುವ ಜೋಡಿಗೆ ಬೆಸೆದರೆ ಸ್ವಿಚ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೋನೋ ಪ್ಲಗ್ ಇರುವ ದೊಡ್ಡ ಗುಂಡಿ ಸ್ವಿಚ್ಚನ್ನು ಗಾಲಿಕುರ್ಚಿಗೆ ಕಟ್ಟಿ. ಹೆಗಲು ಎತ್ತಿದಾಗ ಮೇಲಿನಿಂದ ತಾಗಬೇಕು, ಸುಮ್ಮನಿರುವಾಗ ಒಂದು ಬೆರಳಿನಷ್ಟು ಸಂದು ಇರಬೇಕು.

ಕೆನ್ನೆಗೆ ಸ್ವಿಚ್ ಇಡಲು ಹೋಗಬೇಡಿ. ಕೆನ್ನೆಯಿಂದ ಒತ್ತುವಾಗ ತಲೆಯೂ ಅಲುಗಿ, ಪ್ರತಿ ಗೆರೆಯ ಶುರುವಿನಲ್ಲೂ ಕೊಕ್ಕೆ ಬೀಳುತ್ತದೆ. ಹೆಗಲನ್ನು ಎತ್ತಿಯೇ ಇರುವುದು ಕಷ್ಟವಾದ್ದರಿಂದ ವಿಂಡೋಸಿನ ಮೌಸ್ ಪ್ರಾಪರ್ಟೀಸ್‌ನಲ್ಲಿ ಕ್ಲಿಕ್‌ಲಾಕ್ ಆನ್ ಮಾಡಿ. ಒಮ್ಮೆ ಸ್ವಲ್ಪ ಹೊತ್ತು ಒತ್ತಿದರೆ ಗೆರೆ ಹಿಡಿದುಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಡುತ್ತದೆ.

ಚಿತ್ರದಲ್ಲಿ ಮುಳುಗಿದಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ, ಅದಕ್ಕೇ ಫೋನಿನಲ್ಲಿ ಅಲಾರಂ ಇಡಿ. 30 ನಿಮಿಷಕ್ಕೊಮ್ಮೆ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಸುಮಾರು 2 ನಿಮಿಷ ಬಿಡಿ, ಇಲ್ಲದಿದ್ದರೆ ಕೂತಲ್ಲೇ ಹುಣ್ಣಾಗುತ್ತದೆ. ನಡುವೆ ಇದ್ದಕ್ಕಿದ್ದಂತೆ ತಲೆ ಸಿಡಿಯತೊಡಗಿ, ಮುಖ ಕೆಂಪಾಗಿ ಬೆವರಿದರೆ ಸ್ಕ್ರೀನ್ ನೋಡಿದ್ದರಿಂದ ಬಂದ ತಲೆನೋವು ಅಂದುಕೊಳ್ಳಬೇಡಿ. ಸಿ4 ಪೆಟ್ಟಿನವರಲ್ಲಿ ಅದು ಬಿಪಿ ಜಿಗಿದ ಸೂಚನೆ ಆಗಿರಬಹುದು. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯೇ ನೋಡಿ. ಆಗಲೂ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನ ಮಗನಿಗೆ 16 ವರ್ಷ, ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ಕಾಯಿಲೆ) ಇದೆ. ಹೆಬ್ಬೆರಳು, ತೋರುಬೆರಳು ಸ್ವಲ್ಪ ಆಡುತ್ತವೆ. ಮೌಸ್ ಒತ್ತಲು ಆಗುವುದಿಲ್ಲ.

ಉತ್ತರ (ಡಿಜಿಟಲ್ ಚಿತ್ರಕಲೆ ಕಲಿಸುವವರು): ಒತ್ತುವುದನ್ನೇ ಬಿಟ್ಟುಬಿಡೋಣ ಸರ್. ಯುಎಸ್‌ಬಿ ಟಚ್‌ಪ್ಯಾಡನ್ನು ಬೆರಳು ತಾನಾಗಿ ಇಳಿದು ಕೂರುವ ಕಡೆ ಇಟ್ಟು, ಮೊಣಕೈ ಮತ್ತು ಮಣಿಕಟ್ಟಿಗೆ ಮೆತ್ತೆ ಕೊಡಿ. ಕರ್ಸರ್ ವೇಗ ಪೂರ್ತಿ ಏರಿಸಿ, ಒಂದು ಅಂಗುಲ ಜಾಗದಲ್ಲೇ ಇಡೀ ಪರದೆ ಸಿಗಬೇಕು. ತಂತ್ರಾಂಶ ಇಂಕ್‌ಸ್ಕೇಪ್ ಇರಲಿ. ಅದರ ಬೆಜಿಯರ್ ಟೂಲಿನಲ್ಲಿ ಗೆರೆಯನ್ನು ಎಳೆಯುವ ಬದಲು ಬಿಂದುಗಳನ್ನು ತಟ್ಟುತ್ತಾ ಹೋಗಬಹುದು. ಶುರು ಮಾಡಿದ ಬಿಂದುವಿಗೇ ಬಂದು ತಟ್ಟಿದರೆ ಆಕಾರ ಮುಚ್ಚುತ್ತದೆ, ಕೆಳಗಿನ ಪಟ್ಟಿಯಲ್ಲಿ ಬಣ್ಣ ತಟ್ಟಿದರೆ ತುಂಬಿಕೊಳ್ಳುತ್ತದೆ. ಬಾಗು ಬೇಕಾದಲ್ಲಿ ನೋಡ್ ಟೂಲಿಗೆ ಹೋಗಿ ಬಿಂದುಗಳನ್ನು ಸ್ಮೂತ್ ಮಾಡಲಿ. ಹತ್ತು ದಿನ ಬಿಟ್ಟು ಬಂದರೂ ಪ್ರತಿ ಬಿಂದುವನ್ನೂ ತಿದ್ದಬಹುದು.

ಪ್ರಶ್ನೆ (ಅದೇ ಸದಸ್ಯರು): ಬೆಳಗಿನ ಹೊತ್ತು ಬೆರಳು ಹೆಚ್ಚು ಬಿಗಿ ಇರುತ್ತವೆ. ವ್ಯಾಯಾಮ ಮಾಡಿಸಬೇಕೇ?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್): ಬಲ ಬರಿಸುವ ವ್ಯಾಯಾಮ ಬೇಡ, ಈ ಕಾಯಿಲೆಯಲ್ಲಿ ಅದರಿಂದ ಸ್ನಾಯುವಿಗೇ ಹಾನಿ. ಕೈ ತಣ್ಣಗಾಗಿದ್ದರೆ ಬೆರಳು ಇನ್ನೂ ನಿಧಾನವಾಗುತ್ತವೆ. ಕೂರುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಕೈ ಇಡಿಸಿ, ಒರೆಸಿ, ಬೆರಳ ತುದಿ ಕತ್ತರಿಸಿದ ಉಣ್ಣೆಯ ಗ್ಲೌಸ್ ಹಾಕಿ. ತುದಿ ಒದ್ದೆ ಇದ್ದರೆ ಟಚ್‌ಪ್ಯಾಡಿನ ಮೇಲೆ ಕರ್ಸರ್ ಹಾರುತ್ತದೆ, ಅದನ್ನು ಚೆನ್ನಾಗಿ ಒಣಗಿಸಿ.