ಸಹಾಯ ಬೇಕು: ಹಳೇ ಮಾರುತಿ 800 ಕಾರಿನೊಳಗೆ ಮಳೆನೀರು

ಎಲ್ಲರಿಗೂ ನಮಸ್ಕಾರ. ನಾನಿರೋದು ತೀರ್ಥಹಳ್ಳಿ ಕಡೆ. ಅಪ್ಪ ಓಡಿಸುತ್ತಿದ್ದ 1999ರ 800 ಈಗ ನನ್ನ ಹತ್ತಿರ ಇದೆ, ಅದನ್ನು ಉಳಿಸಿಕೊಳ್ಳಲೇಬೇಕು. ಮಳೆ ಶುರುವಾದಾಗಿನಿಂದ ಎಡಗಡೆ ಮುಂದಿನ ಸೀಟಿನ ಕಾಲ ಬುಡದಲ್ಲಿ ನೀರು ನಿಲ್ಲುತ್ತಿದೆ. ಮ್ಯಾಟ್ ಎತ್ತಿದರೆ ಅಡಿಯ ಫೆಲ್ಟ್ ಹಿಂಡುವಷ್ಟು ಒದ್ದೆ, ಜಾಯಿಂಟ್ ಹತ್ತಿರ ಪೇಂಟ್ ಉಬ್ಬಿ ತುಕ್ಕು ಇಣುಕುತ್ತಿದೆ.

ಎಸಿ ಇಲ್ಲದ ಗಾಡಿ, ಹಾಗಾಗಿ ಎಸಿ ನೀರಲ್ಲ. ಜಿಡ್ಡಿಲ್ಲ, ಕೂಲೆಂಟಿನ (ಎಂಜಿನ್ ತಂಪು ಮಾಡುವ ದ್ರವ) ಸಿಹಿ ವಾಸನೆಯೂ ಇಲ್ಲ. ಬಾಗಿಲ ಕೆಳಗಿನ ಡ್ರೈನ್ ತೂತುಗಳಲ್ಲಿ ಮಣ್ಣು ಕಟ್ಟಿತ್ತು, ತಂತಿ ಹಾಕಿ ಬಿಡಿಸಿದೆ. ಡೋರ್ ಬೀಡಿಂಗಿಗೆ (ಅಂಚಿನ ರಬ್ಬರ್ ಪಟ್ಟಿ) ಸೀಮೆಸುಣ್ಣದ ಪುಡಿ ಹಚ್ಚಿ ಬಾಗಿಲು ಹಾಕಿ ನೋಡಿದೆ, ಗುರುತು ಸುತ್ತಲೂ ಸರಿಯಾಗಿ ಬಿತ್ತು. ಆಮೇಲೆ ತಮ್ಮನ ಕೈಗೆ ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಕೆಳಗಿನಿಂದ ಮೇಲಕ್ಕೆ ಪೈಪಿನಲ್ಲಿ ನೀರು ಬಿಟ್ಟೆ. ಬಾಗಿಲಿಗೆ ಬಿಟ್ಟಾಗ ಏನೂ ಇಲ್ಲ. ವೈಪರ್ ಕೆಳಗಿನ ಜಾಲರಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್ ಹಿಂದಿನ ವೈರಿಂಗ್ ಗುಂಟ ತೊಟ್ಟಿಕ್ಕತೊಡಗಿತು. ವೈರಿಂಗ್ ಶಾರ್ಟ್ ಆದರೆ ಅನ್ನೋದೇ ಈಗ ದೊಡ್ಡ ಭಯ.

ಸೋರುತ್ತಿರೋದು ವೈರಿಂಗ್ ಹಾದುಹೋಗುವ ತೂತಿನ ರಬ್ಬರ್ ಬಳೆ, ಅಂದರೆ ಗ್ರೊಮೆಟ್ಟಾ, ಇಲ್ಲ ಮುಂದಿನ ಗಾಜಿನ ಕೆಳಗಿನ ಬೀಡಿಂಗಾ? ಮೆಕ್ಯಾನಿಕ್ ಒಬ್ಬರು ಸುತ್ತಲೂ ಸಿಲಿಕಾನ್ ಬಳಿಯೋಣ ಅಂತಾರೆ. ನನಗೆ ಮನಸ್ಸಿಲ್ಲ. ಹುಳಿ ವಾಸನೆಯ ಸಿಲಿಕಾನ್ ತಗಡಿಗೇ ತುಕ್ಕು ಹಿಡಿಸುತ್ತದೆ, ಮುಂದೆ ಕಿತ್ತು ಸರಿ ಮಾಡುವುದೂ ಕಷ್ಟ.

ಡ್ಯಾಶ್ ಪೂರ್ತಿ ಬಿಚ್ಚದೆ ಗ್ರೊಮೆಟ್ ಬದಲಿಸಿದವರು ಯಾರಾದರೂ ಇದ್ದೀರಾ? ಮುಂದಿನ ಗಾಜು ಒಡೆಯದಂತೆ ತೆಗೆದು ಹೊಸ ಬೀಡಿಂಗ್ ಕೂರಿಸುವವರು ಶಿವಮೊಗ್ಗದಲ್ಲಿ ಸಿಗ್ತಾರಾ? ಫೋಟೋ ಬೇಕಿದ್ದರೆ ಹಾಕ್ತೀನಿ. ದಯವಿಟ್ಟು ತಿಳಿಸಿ.